ಗೋಡೆ ಇಲ್ಲದ ನಾದಮಂಟಪ

ಸಂಗೀತ ಸಭಾಂಗಣದ ನಾದವನ್ನು ಅಳೆಯಲು ವಿಜ್ಞಾನ ಮೊಟ್ಟಮೊದಲು ಹಿಡಿದ ಅಳತೆಗೋಲು ಯಾವುದು ಬಲ್ಲಿರಾ? ತೆರೆದ ಕಿಟಕಿ! ಬಾಗಿಲು ತೆಗೆದಿಟ್ಟ ಬರೀ ಒಂದು ಕಿಟಕಿ. ಈ ಸಂಗತಿಯನ್ನು ತಿಳಿದುಕೊಂಡು ಹರಿಹರಕ್ಕೆ ಹೋಗಿ, ಹರಿಹರೇಶ್ವರ ದೇವಸ್ಥಾನದ ಮಂಟಪದಲ್ಲಿ ಸುಮ್ಮನೆ ಒಂದು ಸುತ್ತು ಕಣ್ಣಾಡಿಸಿ ನೋಡಿ. ಮೈ ಜುಮ್ಮೆನ್ನುತ್ತದೆ. ಎಂಟುನೂರು ವರ್ಷಗಳಿಂದ ಅಲ್ಲಿ ನಿಂತಿರುವುದು ಕಂಬಗಳ ಮೇಲೆ ಹೊದಿಸಿದ ಒಂದು ದೊಡ್ಡ ತೆರೆದ ಕಿಟಕಿ!

ಕಿಟಕಿಯ ಕತೆಯನ್ನು ಮೊದಲು ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದೆ ಹರಿಹರದ ಬೆರಗು ಪೂರ್ತಿ ಕೈಗೆ ಸಿಗುವುದಿಲ್ಲ.

1895. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಕಟ್ಟಿದ ಫಾಗ್ ಕಲಾ ಸಂಗ್ರಹಾಲಯಕ್ಕೆ ಒಂದು ಉಪನ್ಯಾಸ ಮಂದಿರವಿತ್ತು. ನೋಡಲು ಸೊಗಸು, ಕೇಳಲು ಕಷ್ಟ. ಆಡಿದ ಮಾತು ಸುಮಾರು ಐದೂವರೆ ಸೆಕೆಂಡು ಒಳಗೇ ಸುತ್ತುತ್ತಿತ್ತು. ಅಷ್ಟರಲ್ಲಿ ಮುಂದಿನ ಹತ್ತಾರು ಪದಗಳು ಬಂದು ಅದರ ಮೇಲೆ ಬೀಳುತ್ತಿದ್ದವು. ಇದನ್ನು ಸರಿಪಡಿಸುವ ಕೆಲಸ ಬಂದದ್ದು ಇನ್ನೂ ಮೂವತ್ತು ತುಂಬದ ಭೌತಶಾಸ್ತ್ರದ ಮೇಷ್ಟ್ರು ವ್ಯಾಲೆಸ್ ಸಬೀನ್ ಅವರ ತಲೆಗೆ. ಅವರು ಮಾಡಿದ್ದೇನು ಗೊತ್ತೇ? ರಾತ್ರಿ ಊರು ಮಲಗಿದ ಮೇಲೆ ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ಆಸನದ ಮೆತ್ತೆಗಳನ್ನು ಹೊರಿಸಿ ತಂದು ಹಾಸುವುದು, ಆರ್ಗನ್ ಕೊಳವೆಯೊಂದನ್ನು ನುಡಿಸಿ ನಿಲ್ಲಿಸುವುದು, ಆ ನಾದ ಕಿವಿಯಿಂದ ಪೂರ್ತಿ ಮರೆಯಾಗಲು ಎಷ್ಟು ಹೊತ್ತು ಹಿಡಿಯಿತೆಂದು ಅಳೆಯುವುದು. ಬೆಳಗಾಗುವಷ್ಟರಲ್ಲಿ ಮೆತ್ತೆಗಳೆಲ್ಲ ಥಿಯೇಟರಿಗೆ ವಾಪಸ್! ಮಂದಿರದ ತುಂಬ ಮೆತ್ತೆ ಹಾಸಿದಾಗ ಐದೂವರೆ ಸೆಕೆಂಡಿನ ನಾದ ಒಂದು ಸೆಕೆಂಡಿನ ಆಸುಪಾಸಿಗೆ ಇಳಿಯಿತು.

ಆದರೆ ಮೆತ್ತೆ ಎಂಬುದು ಒಂದು ಮಾನವಾಗಲಾರದು. ಒಂದೊಂದು ಊರಿನ ಮೆತ್ತೆ ಒಂದೊಂದು ಬಗೆ. ಎಲ್ಲ ಊರಿಗೂ, ಎಲ್ಲ ಕಾಲಕ್ಕೂ ಒಂದೇ ಆಗಿರುವ ಅಳತೆ ಬೇಕಿತ್ತು. ಆಗ ಸಬೀನ್ ಕಣ್ಣು ಬಿದ್ದದ್ದು ಕಿಟಕಿಯ ಮೇಲೆ. ತೆರೆದ ಕಿಟಕಿಯಿಂದ ಆಚೆ ಹೋದ ಶಬ್ದ ಮರಳಿ ಬರುವುದಿಲ್ಲ. ಅಂದರೆ ಕಿಟಕಿ ತನ್ನ ಪಾಲಿಗೆ ಬಂದ ಶಬ್ದವನ್ನೆಲ್ಲ, ನೂರಕ್ಕೆ ನೂರು, ಹೀರಿಕೊಂಡಂತೆ. ಒಂದು ಚದರ ಮೀಟರ್ ತೆರೆದ ಕಿಟಕಿಗೆ ಒಂದು ಅಂಕ. ಉಳಿದುದೆಲ್ಲಕ್ಕೂ ಅದರ ಹೋಲಿಕೆಯಲ್ಲಿ ಅಂಕ. ನಯವಾದ ಕಲ್ಲಿಗೆ ಬರೀ 0.02ರಷ್ಟು. ಅಂದರೆ ಕಲ್ಲು ನೂರರಲ್ಲಿ ತೊಂಬತ್ತೆಂಟು ಪಾಲು ಶಬ್ದವನ್ನು ವಾಪಸ್ ಒದೆಯುತ್ತದೆ. ಹೀಗೆ ಹುಟ್ಟಿತು ಸೂತ್ರ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಕೋಣೆ ಒಟ್ಟು ಹೀರುವ ಅಂಕದಿಂದ ಭಾಗಿಸಿ. ಬಂದ ಉತ್ತರವೇ ನಾದ ಅಲ್ಲಿ ನಿಲ್ಲುವ ಸೆಕೆಂಡುಗಳು. ಇದೇ ಲೆಕ್ಕದ ಬಲದಿಂದ 1900ರಲ್ಲಿ ಬಾಸ್ಟನ್ ಸಿಂಫನಿ ಹಾಲ್ ಎದ್ದಿತು. ವಿಜ್ಞಾನದ ಲೆಕ್ಕ ಹಾಕಿ ಕಟ್ಟಿದ ಜಗತ್ತಿನ ಮೊದಲ ಸಂಗೀತ ಭವನ ಅದು. ಇವತ್ತಿಗೂ ಉತ್ತಮೋತ್ತಮ ಭವನಗಳ ಸಾಲಿನಲ್ಲಿ ಅದರ ಹೆಸರು ಬಂದೇ ಬರುತ್ತದೆ.

ಈಗ ದಾವಣಗೆರೆಯಿಂದ ಹಳೇ ಪಿ.ಬಿ. ರಸ್ತೆ ಹಿಡಿದು ಹೊರಡೋಣ. ಹದಿನಾಲ್ಕು ಕಿಲೋಮೀಟರಿನ ದಾರಿ. ತುಂಗಭದ್ರೆಗೆ ಹರಿದ್ರಾ ಬಂದು ಸೇರುವ ಈ ಊರಿಗೆ ಹಿಂದೆ ಕೂಡಲೂರು ಎಂಬ ಹೆಸರಿತ್ತು. ಹೊಯ್ಸಳ ದೊರೆ ಎರಡನೇ ವೀರನರಸಿಂಹನ ದಂಡನಾಯಕನೂ ಮಂತ್ರಿಯೂ ಆಗಿದ್ದ ಪೊಲಾಳ್ವ 1223–24ರಲ್ಲಿ ಇಲ್ಲಿ ಹರಿಹರನಿಗೆ ಗುಡಿ ಕಟ್ಟಿಸಿದ. ಅರ್ಧ ಶಿವ, ಅರ್ಧ ವಿಷ್ಣು ಒಂದೇ ವಿಗ್ರಹದಲ್ಲಿ. ಮುಂದೆ 1268ರಲ್ಲಿ ಮೂರನೇ ನರಸಿಂಹನ ದಂಡನಾಯಕ ಸೋಮ ಇನ್ನಷ್ಟು ಸೇರಿಸಿದ. ಸೋಮನಾಥಪುರದ ಕೇಶವ ದೇವಾಲಯ ಕಟ್ಟಿಸಿದನಲ್ಲ, ಅದೇ ಸೋಮ! ಆವರಣದಲ್ಲಿ ಮೂವತ್ತಕ್ಕೂ ಹೆಚ್ಚು ಹಳಗನ್ನಡದ ಶಾಸನಗಳಿವೆ. ಒಂದೊಂದು ಕಲ್ಲೂ ಎದ್ದು ನಿಂತ ಒಂದು ಪುಟ. ಅವುಗಳ ಮುಂದೆಯೇ ಅರ್ಧ ದಿನ ಕಳೆದುಬಿಡಬಹುದು. ಆದರೆ ನಮ್ಮ ಕೆಲಸ ಒಳಗಿದೆ.

ಮಂಟಪಕ್ಕೆ ಬನ್ನಿ. ಗೋಡೆ ಎಲ್ಲಿ? ಇಲ್ಲ! ಸುತ್ತಲೂ ಇರುವುದು ಗಿಡ್ಡನೆಯ ಜಗಲಿ. ಜಗಲಿಯ ಮೇಲೆ ಕುಳ್ಳ ಕಂಬಗಳು. ಅವು ಹೊತ್ತ ಛಾವಣಿಯ ಅಂಚು ಇಳಿಜಾರಾಗಿ ಹೊರಚಾಚಿದೆ. ಜಗಲಿಗೂ ಆ ಇಳಿಜಾರಿಗೂ ನಡುವೆ ಗಾಳಿ, ಬೆಳಕು, ಆಕಾಶ. ಒಳಗೆ ಕಡೆದ ಕಂಬಗಳ ಕಾಡು. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಆ ಮೆತ್ತನೆಯ ಹೊತ್ತಿನಲ್ಲೇ ತಿರುಗಣಿಗೆ ಕೊಟ್ಟು ಕಡೆದ ಕಂಬಗಳು ಇವು. ಬಳೆ, ಗಂಟೆ, ತಟ್ಟೆಯ ಆಕಾರಗಳು ಒಂದರ ಮೇಲೊಂದು ಏರುತ್ತ ಹೋಗುತ್ತವೆ.

ಗೋಡೆ ಇಲ್ಲದ್ದರಿಂದ ಏನಾಗುತ್ತದೆ? ಕಾಗದ, ಪೆನ್ನು ತೆಗೆದುಕೊಳ್ಳಿ. ಇದು ಹರಿಹರದ ಮಂಟಪದ ಅಳತೆಯಲ್ಲ, ಲೆಕ್ಕಕ್ಕೆಂದು ಹಿಡಿದ ಒಂದು ಕಲ್ಲುಮಂಟಪ: ಇಪ್ಪತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲ, ನಾಲ್ಕು ಮೀಟರ್ ಎತ್ತರ. ಘನ ಅಳತೆ 1,600. ನಾಲ್ಕೂ ಕಡೆ ಕಲ್ಲಿನ ಗೋಡೆ ಎಬ್ಬಿಸಿ ಮುಚ್ಚಿದರೆ ನೆಲ, ಛಾವಣಿ, ಗೋಡೆ ಎಲ್ಲ ಸೇರಿ 1,120 ಚದರ ಮೀಟರ್ ಕಲ್ಲು. ಅದು ಹೀರುವುದು ಬರೀ 22 ಅಂಕ ಚಿಲ್ಲರೆ. ಸಬೀನ್ ಸೂತ್ರದಲ್ಲಿ ಹಾಕಿ ನೋಡಿ: ಹನ್ನೊಂದೂವರೆ ಸೆಕೆಂಡು! ಒಂದು ಸ್ವರ ಹಾಡಿದರೆ ಹನ್ನೊಂದೂವರೆ ಸೆಕೆಂಡು ಅದು ಅಲ್ಲೇ ಗುಂಯ್‌ಗುಡುತ್ತಿರುತ್ತದೆ. ಅಲ್ಲಿ ವಚನ ಹಾಡಿದರೆ ಪದ ತಿಳಿಯದು, ತಾನು ಹಾಕಿದರೆ ತಾಳ ಸಿಗದು.

ಈಗ ಅದೇ ಗೋಡೆಗಳ ಅರ್ಧಭಾಗವನ್ನು ಕಿತ್ತುಹಾಕಿ. 160 ಚದರ ಮೀಟರ್ ತೆರೆದ ಜಾಗ. ಸಬೀನರ ಅಳತೆಗೋಲಿನಲ್ಲಿ ಅದಕ್ಕೆ ಪೂರ್ತಿ 160 ಅಂಕ! ಉಳಿದ ಕಲ್ಲಿನದು 19. ಮತ್ತೆ ಭಾಗಿಸಿ. ಹನ್ನೊಂದೂವರೆ ಇದ್ದದ್ದು ಒಂದೂ ಕಾಲು ದಾಟಿ ಒಂದೂವರೆಯೊಳಗೆ ಬಂತು: 1.4 ಸೆಕೆಂಡು. ಇನ್ನೂರು ಜನ ಬಂದು ಕೂತರೆ? ಮನುಷ್ಯನ ಮೈ, ಬಟ್ಟೆ ಕೂಡ ಶಬ್ದವನ್ನು ಹೀರುತ್ತವೆ. ತಲೆಗೆ ಅರ್ಧ ಅಂಕವೆಂದು ಹಿಡಿದರೂ ಇನ್ನು ನೂರು ಸೇರಿತು. 0.9 ಸೆಕೆಂಡು! ಪಶ್ಚಿಮದ ದೊಡ್ಡ ವಾದ್ಯವೃಂದಕ್ಕೆ ಎರಡು ಸೆಕೆಂಡಿನ ಆಸುಪಾಸಿನ ನಾದ ಬೇಕು. ಬಾಸ್ಟನ್, ವಿಯೆನ್ನಾದ ಭವನಗಳು ಅದಕ್ಕೇ ಹೆಸರಾಗಿವೆ. ಆದರೆ ನಮ್ಮ ಸಂಗೀತದ ಜೀವ ಇರುವುದು ಗಮಕದಲ್ಲಿ, ಸಾಹಿತ್ಯದ ಸ್ಪಷ್ಟತೆಯಲ್ಲಿ, ಮೃದಂಗದ ಒಂದೊಂದು ಪೆಟ್ಟು ಬಿಡಿಬಿಡಿಯಾಗಿ ಕೇಳುವುದರಲ್ಲಿ. ಅದಕ್ಕೆ ಒಂದು ಸೆಕೆಂಡಿನ ಸುತ್ತಮುತ್ತಲ ನಾದವೇ ಹಿತ ಎಂಬುದು ನನ್ನ ಗಟ್ಟಿ ನಂಬಿಕೆ. ಒಂದು ಮೆತ್ತೆ ಇಲ್ಲ, ಒಂದು ಪರದೆ ಇಲ್ಲ, ಬರೀ ಕಲ್ಲು ಮತ್ತು ಖಾಲಿ ಜಾಗ. ಅಷ್ಟರಿಂದಲೇ ಅಲ್ಲಿಗೆ ಬಂದು ಮುಟ್ಟಿದೆವು! ಇಂಥ ತಗ್ಗು ಛಾವಣಿಯ, ತೆರೆದ ಜಾಗಕ್ಕೆ ಸಬೀನ್ ಸೂತ್ರ ಕರಾರುವಾಕ್ಕಾಗಿ ಹೊಂದುವುದಿಲ್ಲ ನಿಜ. ಆದರೆ ಹನ್ನೊಂದರಿಂದ ಒಂದಕ್ಕೆ ಇಳಿಯುವ ಆ ಜಾರು ಸುಳ್ಳಲ್ಲ.

ಹಾಗಾದರೆ ಪೂರ್ತಿ ಬಯಲಲ್ಲೇ ಹಾಡಬಹುದಲ್ಲ ಎಂದು ಕೇಳುತ್ತೀರಿ. ಇಲ್ಲ, ಅಲ್ಲೇ ಇದೆ ಎರಡನೆಯ ಬೆರಗು. ಬಯಲಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ದನಿ 6 ಡೆಸಿಬೆಲ್ ಇಳಿಯುತ್ತದೆ. ಹಿಂದಿನ ಸಾಲಿಗೆ ಹೋಗುವ ಹೊತ್ತಿಗೆ ಬಡಕಲಾಗುತ್ತದೆ. ಅದಕ್ಕೆ ಬಲ ಕೊಡಲು ಯಾರಾದರೂ ಬೇಕು. ಮೇಲೆ ನೋಡಿ. ಛಾವಣಿ! ಹಾಡುವವರಿಂದ ಆರು ಮೀಟರ್ ಆಚೆ ನೀವು ಕೂತಿದ್ದೀರಿ, ಛಾವಣಿ ಇಬ್ಬರ ತಲೆಯಿಂದಲೂ ಎರಡೂವರೆ ಮೀಟರ್ ಮೇಲಿದೆ ಎನ್ನಿ. ನೇರ ಬಂದ ದನಿ ಆರು ಮೀಟರ್ ನಡೆದರೆ, ಛಾವಣಿಗೆ ತಾಗಿ ಬಂದದ್ದು ಎಂಟು ಮೀಟರಿಗೆ ತುಸು ಕಡಿಮೆ ನಡೆಯುತ್ತದೆ. ಶಬ್ದ ಸೆಕೆಂಡಿಗೆ 340 ಮೀಟರಿಗಿಂತ ಹೆಚ್ಚು ಓಡುವುದರಿಂದ ಎರಡರ ನಡುವಿನ ಅಂತರ ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಐದು ಪಾಲು. ಕಿವಿ ಇವೆರಡನ್ನು ಬೇರೆ ಬೇರೆ ಎಂದು ಹಿಡಿಯಲಾರದು. ಒಂದೇ ದನಿ, ಇನ್ನೂ ತುಂಬಿದ ದನಿ ಎಂದು ಕೇಳಿಸಿಕೊಳ್ಳುತ್ತದೆ. ಈ ಗುಟ್ಟನ್ನು ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿಜ್ಞಾನಿ ಪ್ರಯೋಗ ಮಾಡಿ ತೋರಿಸಿದ್ದು 1949ರಲ್ಲಿ. ಇಂದಿನ ಭವನಗಳಲ್ಲಿ ವೇದಿಕೆಯ ಮೇಲೆ ಹಲಗೆಗಳನ್ನು ತೂಗುಹಾಕುತ್ತಾರಲ್ಲ, ಅದೂ ಇದಕ್ಕೇ. ಬೇಡದ ನಾದವನ್ನು ಬದಿಯಿಂದ ಆಚೆ ಕಳಿಸು, ಬೇಕಾದ ನಾದವನ್ನು ಮೇಲಿನಿಂದ ಕೂಡಲೇ ಕಿವಿಗೆ ತಲುಪಿಸು. ಒಂದೇ ಮಂಟಪ ಎರಡನ್ನೂ ಮಾಡುತ್ತಿದೆ!

ಇನ್ನೂ ಇದೆ. ಆ ಛಾವಣಿ ಚಪ್ಪಟೆ ಹಲಗೆಯಾಗಿದ್ದರೆ ದನಿ ಒಂದೇ ದಿಕ್ಕಿಗೆ ಗದರಿದಂತೆ ಬೀಳುತ್ತಿತ್ತು. ಹೊಯ್ಸಳರು ನಾಲ್ಕು ಕಂಬಗಳ ನಡುವಿನ ಒಂದೊಂದು ಅಂಕಣಕ್ಕೂ ಬೇರೆ ಬೇರೆ ಭುವನೇಶ್ವರಿ, ಅಂದರೆ ಅಲಂಕೃತ ಒಳಛಾವಣಿ, ಕೆತ್ತಿದರು. ತಾವರೆಯ ಎಸಳು, ಮೆಟ್ಟಿಲು ಮೆಟ್ಟಿಲಾಗಿ ಏರುವ ಕುಳಿ, ನಡುವೆ ಕೆಳಗಿಳಿಬಿದ್ದ ಬಾಳೆಮೊಗ್ಗು. ಪ್ರತಿ ಉಬ್ಬು, ಪ್ರತಿ ತಗ್ಗು ಶಬ್ದವನ್ನು ಒಡೆದು ಹತ್ತು ಕಡೆ ಚೆಲ್ಲುತ್ತದೆ. ಸೆಕೆಂಡಿಗೆ ಎರಡು ಸಾವಿರ ಬಾರಿ ಕಂಪಿಸುವ ಸ್ವರದ ಅಲೆಯ ಉದ್ದ ಒಂದು ಗೇಣಿಗಿಂತ ಕಡಿಮೆ, ಹದಿನೇಳು ಸೆಂಟಿಮೀಟರ್. ಕೆತ್ತನೆಯ ಆಳ ಅಂಥ ಅಲೆಯನ್ನು ಕದಡಲು ಸಾಕು. ದುಂಡನೆಯ ಕಂಬಗಳಂತೂ ತಮಗೆ ತಾಗಿದ ದನಿಯನ್ನು ಸುತ್ತಲೂ ಹರಡಿಬಿಡುತ್ತವೆ. ಕಂಬದ ಹಿಂದೆ ಕೂತವರಿಗೂ ತಗ್ಗಿನ ಸ್ವರಗಳು ಬಳಸಿಕೊಂಡು ಬಂದು ಸೇರುತ್ತವೆ, ಏಕೆಂದರೆ ಅವುಗಳ ಅಲೆ ಕಂಬದ ದಪ್ಪಕ್ಕಿಂತ ಉದ್ದ.

ಇದನ್ನು ಓದಿದಾಗ ಹ್ಯಾಂಬರ್ಗ್ ನೆನಪಾಗದಿದ್ದರೆ ಕೇಳಿ. ಜರ್ಮನಿಯ ಆ ಬಂದರಿನಲ್ಲಿ 2017ರಲ್ಲಿ ತೆರೆದ ಎಲ್ಬ್‌ಫಿಲ್ಹಾರ್ಮನಿ ಈ ಶತಮಾನದ ಅತಿ ಹೆಸರುವಾಸಿ ಸಂಗೀತ ಭವನಗಳಲ್ಲಿ ಒಂದು. ವಾಸ್ತುಶಿಲ್ಪ ಹೆರ್ಜೋಗ್ ಮತ್ತು ಡಿ ಮ್ಯೂರೋನ್ ಸಂಸ್ಥೆಯದು, ನಾದದ ಹೊಣೆ ಜಪಾನಿನ ಯಾಸುಹಿಸಾ ಟೊಯೋಟಾ ಅವರದು. ಒಳಗೋಡೆಗೆ ಸುಮಾರು ಹತ್ತು ಸಾವಿರ ಜಿಪ್ಸಮ್ ಹಲಗೆಗಳು. ಒಂದರಂತೆ ಇನ್ನೊಂದಿಲ್ಲ! ಕಂಪ್ಯೂಟರ್ ಲೆಕ್ಕ ಹಾಕಿ, ಯಂತ್ರ ಕೊರೆದು, ಮೈತುಂಬ ಕುಳಿ ಮಾಡಿದ ಹಲಗೆಗಳು. ಯಾಕೆ? ಶಬ್ದವನ್ನು ಒಡೆದು ಚೆಲ್ಲಲು. 1870ರಲ್ಲಿ ತೆರೆದ ವಿಯೆನ್ನಾದ ಸುವರ್ಣ ಸಭಾಂಗಣದ ನಾದ ಅಷ್ಟು ಮೃದುವಾಗಿರುವುದಕ್ಕೂ ಅಲ್ಲಿನ ಗೋಡೆಗಳ ಪ್ರತಿಮೆಗಳು, ಛಾವಣಿಯ ಅಂಕಣಗಳು ಒಂದು ಕಾರಣವೆಂದು ತಜ್ಞರು ಹೇಳುತ್ತಾರೆ. ಹರಿಹರದ ಶಿಲ್ಪಿ ಉಳಿ ಹಿಡಿದದ್ದು ದೇವರಿಗಾಗಿ, ಚೆಲುವಿಗಾಗಿ. ಶಬ್ದದ ಅಲೆಯ ಉದ್ದವನ್ನು ಆತ ಲೆಕ್ಕ ಹಾಕಿದ್ದನೆಂದು ನಾನು ಹೇಳಲಾರೆ. ಆದರೆ ಆ ಮಂಟಪದಲ್ಲಿ ಹಾಡು, ಕುಣಿತ ನಡೆಯುತ್ತದೆಂದು ಆತನಿಗೆ ಗೊತ್ತಿತ್ತು. ಗುಡಿಗಳ ಅಂಗಭೋಗ, ರಂಗಭೋಗಗಳಿಗೆಂದು ಭೂಮಿ ಬಿಟ್ಟ ಮಾತು ಕರ್ನಾಟಕದ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸಂಗೀತ, ನೃತ್ಯ ಗುಡಿಯ ಆಯವ್ಯಯದಲ್ಲೇ ಸೇರಿದ್ದ ಕಾಲ ಅದು. ಹತ್ತಾರು ಮಂಟಪ ಕಟ್ಟಿದ, ಹತ್ತಾರು ಉತ್ಸವ ಕೇಳಿದ ಕುಶಲಿಗಳ ಕಿವಿ ಎಷ್ಟು ಕಲಿತಿರಬೇಕು!

ಇನ್ನು ಕೂರುವ ಬಗೆ. 1963ರಲ್ಲಿ ಬರ್ಲಿನ್‌ನಲ್ಲಿ ಹಾನ್ಸ್ ಶಾರೂನ್ ಕಟ್ಟಿದ ಫಿಲ್ಹಾರ್ಮನಿ ಸಭಾಂಗಣ ಜಗತ್ತನ್ನೇ ಬೆಚ್ಚಿಬೀಳಿಸಿತು. ಅದುವರೆಗೆ ವೇದಿಕೆ ಒಂದು ತುದಿಗೆ, ಕೇಳುಗರು ಅದಕ್ಕೆ ಮುಖಮಾಡಿ ಸಾಲಾಗಿ. ಶಾರೂನ್ ಸಂಗೀತವನ್ನು ನಡುವೆ ತಂದು ಸುತ್ತಲೂ ಜನರನ್ನು ಕೂರಿಸಿದರು. ಎಲ್ಲಾದರೂ ಹಾಡು ಶುರುವಾದರೆ ಜನ ಸುತ್ತುಗಟ್ಟುವುದೇ ಸಹಜ ಎಂಬುದು ಅವರ ವಾದ. ಅಲ್ಲಿಂದೀಚೆಗೆ ಎದ್ದ ಎಷ್ಟೋ ಭವನಗಳು, ಹ್ಯಾಂಬರ್ಗಿನದೂ ಸೇರಿ, ಆ ದಾರಿ ಹಿಡಿದವು. ಹೊಯ್ಸಳರ ರಂಗದಲ್ಲಿ ಕುಣಿಯುವವರ ಜಾಗ ನಡುವಿನ ಅಂಕಣ, ನೋಡುವವರ ಜಾಗ ಸುತ್ತಲಿನ ಜಗಲಿ. ಬೇಲೂರಿನಲ್ಲಿ ನಡುವಿನ ದುಂಡುಕಲ್ಲನ್ನು ಇವತ್ತಿಗೂ ಕಾಣಬಹುದು. ಬರ್ಲಿನ್ 1963ರಲ್ಲಿ ಕಂಡುಕೊಂಡದ್ದು ನಮ್ಮ ಹಳ್ಳಿಯ ಭಜನೆ ಮಂಡಳಿಗೂ ಗೊತ್ತು.

ದಾವಣಗೆರೆಗೆ ಮರಳೋಣ. ಕಲ್ಲಿನ ಕತೆ ಹರಿಹರದ್ದಾದರೆ ಬಟ್ಟೆಯ ಕತೆ ದಾವಣಗೆರೆಯದು. ಹತ್ತಿ ಗಿರಣಿಗಳ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಇದೇ ಊರು ಕಂಪನಿ ನಾಟಕದ ತವರೂ ಹೌದು. ಚಿಂದೋಡಿ ವೀರಪ್ಪನವರು ಕಟ್ಟಿದ ಕೆಬಿಆರ್ ನಾಟಕ ಕಂಪನಿ, ಅದನ್ನು ಊರೂರಿಗೆ ಕೊಂಡೊಯ್ದ ಅವರ ಮಗಳು ಚಿಂದೋಡಿ ಲೀಲಾ. 1988ರಲ್ಲಿ ಪದ್ಮಶ್ರೀ ಪಡೆದ ಆ ಮಹಾತಾಯಿಯ ಹೆಸರು ಕೇಳಿದರೆ ಈ ಭಾಗದ ಹಿರಿಯರ ಮುಖ ಇವತ್ತಿಗೂ ಅರಳುತ್ತದೆ. ಕಂಪನಿಯ ಥಿಯೇಟರ್ ಹೇಗಿರುತ್ತಿತ್ತು? ಮೇಲೆ ತಗಡು, ಬದಿಗೆ ತಟ್ಟಿ, ಅಲ್ಲಲ್ಲಿ ಸೆಣಬಿನ ಗೋಣಿಯ ಮರೆ. ರಂಗದ ಮೇಲೆ ಒಂದರ ಹಿಂದೊಂದು ಬಣ್ಣ ಬಳಿದ ಬಟ್ಟೆಯ ಪರದೆಗಳು: ಅರಮನೆ, ಕಾಡು, ಬೀದಿ. ರಂಗದ ಮುಂದೆ ಲೆಗ್ ಹಾರ್ಮೋನಿಯಂ, ತಬಲಾ. ನಾದದ ಕಣ್ಣಿನಿಂದ ಇದನ್ನು ನೋಡಿ! ಮೇಲಿನ ತಗಡು ದನಿಯನ್ನು ಹಿಂದಿನ ಚಾಪೆಯವರೆಗೂ ಎಸೆಯುತ್ತದೆ. ತಟ್ಟಿಯ ಸಂದು ತೆರೆದ ಕಿಟಕಿಯಾಗುತ್ತದೆ. ಗೋಣಿ, ಪರದೆ, ಜನ ಉಳಿದದ್ದನ್ನು ಹೀರುತ್ತಾರೆ. ಹರಿಹರದ ಮಂಟಪದ ವ್ಯವಸ್ಥೆಯೇ! ಅಲ್ಲಿ ಕಲ್ಲು, ಇಲ್ಲಿ ತಗಡು, ಅಷ್ಟೇ. ಮಳೆ ಬಂದರೆ ಮಾತ್ರ ತಗಡಿನ ಸದ್ದು ನಾಟಕವನ್ನೇ ನುಂಗಿಬಿಡುತ್ತಿತ್ತು. ಮೈಕಿಲ್ಲದ ಕಾಲದಲ್ಲಿ ರಂಗಗೀತೆ ಹಾಡಿದವರ ಗಂಟಲು ಪಳಗಿದ್ದು ಇಂಥ ಚಪ್ಪರಗಳಲ್ಲೇ. ಮಲ್ಲಿಕಾರ್ಜುನ ಮನ್ಸೂರರೂ ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಹಾಡಿ ಬೆಳೆದವರು.

ಹತ್ತಿ ಶಬ್ದವನ್ನು ಹೀರುವ ಬಗೆಯೂ ಎಂಥ ಸೊಗಸು! ಶಬ್ದವೆಂದರೆ ಗಾಳಿಯ ಕಣಗಳ ಓಲಾಟ. ಆ ಓಲಾಡುವ ಗಾಳಿ ಎಳೆಗಳ ಸಂದಿನಲ್ಲಿ ನುಗ್ಗುವಾಗ ತಿಕ್ಕಾಟವಾಗಿ, ದನಿಯ ಶಕ್ತಿ ಕಾವಾಗಿಬಿಡುತ್ತದೆ. ಎಷ್ಟು ಸಣ್ಣ ಕಾವೆಂದರೆ ಯಾರ ಕೈಗೂ ತಿಳಿಯದು. ತೆರೆದ ಕಿಟಕಿ ಶಬ್ದವನ್ನು ಹೊರಗೆ ಕಳಿಸಿದರೆ ಹತ್ತಿ ಅದನ್ನು ಒಳಗೇ ಕರಗಿಸುತ್ತದೆ. ಈಗಿನ ಸಭಾಂಗಣಕ್ಕೆ ಇದೇ ದಾರಿ, ಏಕೆಂದರೆ ನಮ್ಮ ಕಾಲದ ಶಾಪ ಹೊರಗಿನ ಸದ್ದು. ಪೊಲಾಳ್ವನ ಕಾಲದಲ್ಲಿ ಹೊರಗೆ ಹೊಳೆಯ ಸದ್ದು ಮಾತ್ರ; ಇವತ್ತು ಲಾರಿ ಹಾರನ್, ಹುಬ್ಬಳ್ಳಿ–ಬೆಂಗಳೂರು ಮಾರ್ಗದ ರೈಲು. ಹ್ಯಾಂಬರ್ಗಿನಲ್ಲಿ ಹಡಗಿನ ಸೀಟಿ ಒಳಗೆ ಬಾರದಿರಲೆಂದು ಇಡೀ ಸಭಾಂಗಣವನ್ನೇ 362 ಸ್ಪ್ರಿಂಗುಗಳ ಮೇಲೆ ಕೂರಿಸಿದ್ದಾರೆ! ದಾವಣಗೆರೆಯಲ್ಲಿ ಸಂಗೀತಕ್ಕೊಂದು ಭವನ ಕಟ್ಟುವುದಾದರೆ ನಾವು ಅಷ್ಟು ದೂರ ಹೋಗಬೇಕಿಲ್ಲ. ಹೊರಗೆ ದಪ್ಪ ಗೋಡೆ. ಒಳಗೆ, ಮಂಟಪದಲ್ಲಿ ಎಲ್ಲೆಲ್ಲಿ ಬಯಲಿತ್ತೋ ಅಲ್ಲೆಲ್ಲ, ತೂತು ಕೊರೆದ ಮರದ ಹಲಗೆಯ ಹಿಂದೆ ಹತ್ತಿ. ಮೇಲೆ ಉಬ್ಬುತಗ್ಗಿನ ಗಟ್ಟಿ ಛಾವಣಿ.

ಬೆಂಗಳೂರಿನಲ್ಲಿ 1980ರಲ್ಲಿ ತೆರೆದ ಚೌಡಯ್ಯ ಸ್ಮಾರಕ ಭವನ ನಮಗೆ ಇನ್ನೊಂದು ಧೈರ್ಯ ಕೊಡುತ್ತದೆ. ಏಳು ತಂತಿಯ ಪಿಟೀಲು ಮಾಡಿಕೊಂಡು ನುಡಿಸಿದ ಟಿ. ಚೌಡಯ್ಯನವರ ನೆನಪಿಗೆ ಕಟ್ಟಡವನ್ನೇ ಪಿಟೀಲಾಗಿಸಿದರು ಕೆ.ಕೆ. ಮೂರ್ತಿ. ತಂತಿ, ಬಿರಡೆ, ಕಮಾನು ಸಮೇತ. ಸಾವಿರಕ್ಕೂ ಹೆಚ್ಚು ಜನ ಅದರ ಹೊಟ್ಟೆಯೊಳಗೆ ಕೂತು ಕಛೇರಿ ಕೇಳುತ್ತಾರೆ. ಒಬ್ಬ ಸಂಗೀತಗಾರನ ಮೇಲಿನ ಪ್ರೀತಿ ಇಷ್ಟು ದೊಡ್ಡ ಕಟ್ಟಡವಾಗಬಲ್ಲದಾದರೆ, ಒಂದು ಮಂಟಪದ ಮೇಲಿನ ಪ್ರೀತಿ ದಾವಣಗೆರೆಯಲ್ಲಿ ಏನಾಗಬಾರದು? ಶಾಮನೂರಿನ ಕಡೆ ನಮ್ಮ ಊರು ಗಾಜಿನ ಮನೆ ಕಟ್ಟಿ ತೋರಿಸಿದೆ. ದೊಡ್ಡದನ್ನು ಕಟ್ಟುವ ಹುಮ್ಮಸ್ಸು ಇಲ್ಲಿ ಬತ್ತಿಲ್ಲ. ಗಾಜು ಮಾತ್ರ ಸಂಗೀತಕ್ಕೆ ಒಲ್ಲದು. ಮೇಲಿನ ಸ್ವರಗಳನ್ನು ಅದು ಕಲ್ಲಿನಷ್ಟೇ ಬಿರುಸಾಗಿ ತಿರುಗಿಸಿ ಎಸೆಯುತ್ತದೆ. ಅದು ಹೂಗಿಡಗಳಿಗಿರಲಿ. ಹಾಡಿಗೆ ಹರಿಹರದ ಮಾದರಿಯಿರಲಿ.

ಒಂದು ಕೆಲಸ ಮಾತ್ರ ಈಗಲೇ ಆಗಬೇಕು. 1951ರಿಂದ ಎಂಜಿನಿಯರುಗಳನ್ನು ಬೆಳೆಸುತ್ತಿರುವ ಯುಬಿಡಿಟಿ ಕಾಲೇಜು ದಾವಣಗೆರೆಯಲ್ಲೇ ಇದೆ, ಬಿಐಇಟಿ ಇದೆ. ಅಲ್ಲಿನ ಮಕ್ಕಳೇ, ಪುರಾತತ್ವ ಇಲಾಖೆಯ ಅನುಮತಿ ಪಡೆದು, ಪೂಜೆಯ ಹೊತ್ತು ಬಿಟ್ಟು, ಒಂದು ಮುಂಜಾನೆ ಹರಿಹರೇಶ್ವರನ ಮಂಟಪಕ್ಕೆ ಹೋಗಿ. ಒಂದು ಒಳ್ಳೆಯ ಮೈಕ್ರೊಫೋನ್, ಒಂದು ಲ್ಯಾಪ್‌ಟಾಪ್, ಒಂದಷ್ಟು ಬಲೂನು ಸಾಕು. ನಡುವಿನ ಅಂಕಣದಲ್ಲಿ ಬಲೂನು ಒಡೆದು, ಜಗಲಿಯ ಉದ್ದಕ್ಕೂ ಒಂದೊಂದು ಕಡೆ ನಾದ ಎಷ್ಟು ಹೊತ್ತು ನಿಲ್ಲುತ್ತದೆಂದು ದಾಖಲಿಸಿ. ಕಲ್ಲಿಗೆ ಒಂದು ಗೀರೂ ಬೀಳದ ಪ್ರಯೋಗ ಇದು. ಬಂದ ಅಂಕಿಗಳನ್ನು ಕನ್ನಡದಲ್ಲೇ ಪ್ರಕಟಿಸಿ. ಮುಂದೆ ದಾವಣಗೆರೆಯಲ್ಲಿ ಸಂಗೀತಕ್ಕೆಂದೇ ಭವನ ಕಟ್ಟುವವರು ನಕ್ಷೆ ಬಿಡಿಸುವ ಮುನ್ನ ಆ ಅಂಕಿಗಳನ್ನು ಮುಂದಿಟ್ಟುಕೊಳ್ಳಲಿ.